ಚೀಲ ಕಟ್ಟಿದ ತೆನೆಗಳು

ಜನವರಿ ೧೯, ಸೋಮವಾರ

ಹೊಸ ತಳಿಗೆಂದು ಏಳು ವರ್ಷ ಆರಿಸುತ್ತ ಬಂದ ಜೋಳ. ಬೇರೆ ಪರಾಗ ತಾಗದಿರಲೆಂದು ಬೀಜಕ್ಕಿಟ್ಟ ತೆನೆತೆನೆಗೂ ಕಾಗದದ ಚೀಲ ಕಟ್ಟಿದ್ದೆ.

ಇಂದು ತಪಾಸಣೆಗೆ ಬಂದ ಸಾಹೇಬರಿಗೆ ಎಳೆಗಾಳಿನ ತೆನೆ ಸುಟ್ಟ ಸೀತನಿ ತಿನ್ನುವ ಆಸೆಯಾಯಿತು. ನಾನು ಕಾಗವಾಡಕ್ಕೆ ಹೋಗಿದ್ದೆ. ಕಾವಲಿನ ಮಾಳು ಆ ತೆನೆಗಳನ್ನೇ ಕೊಯ್ದು ಸುಟ್ಟುಕೊಟ್ಟ.

"ಚೀಲದಾಗಿನ್ವು ಗುಬ್ಬಿ ಮುಟ್ಟಿದ್ದಿಲ್ರಿ ಅಕ್ಕಾರ, ಅದಕ್ಕ."

ಅವನನ್ನು ಬೈದು ಏನು ಫಲ? ಚೀಲ ಯಾಕೆಂದು ಬಲ್ಲವಳು ಈ ಸರ್ಕಾರಿ ಕೇಂದ್ರದಲ್ಲಿ ನಾನೊಬ್ಬಳೇ. ಕಲಿಸಿಕೊಡುತ್ತೇನೆ, ಇಬ್ಬರನ್ನು ಕೊಡಿ ಎಂದು ಮೇಲಿನವರನ್ನು ಗೋಗರೆದು ಸಾಕಾಯಿತು. ತಳಿ ತೆಗೆಯುವುದನ್ನು ಕಂಪನಿಗಳು ನೋಡಿಕೊಳ್ಳುತ್ತವಂತೆ. ರೈತ ತಾನೇ ಬೀಜ ಹಿಡಿದಿಟ್ಟು ಬಿತ್ತುವ ಜೋಳದಲ್ಲಿ ಕಂಪನಿಗೇನು ಲಾಭ?

ನಾನು ಮರಳಿ ಬಂದಾಗ ಸಾಹೇಬರು ಕೈ ಒರೆಸಿಕೊಳ್ಳುತ್ತಿದ್ದರು.

"ಭಾಳ ಸಿಹಿ ಐತ್ರಿ! ಇಂಥಾ ತಳಿ ರೈತರಿಗೆ ಯಾಕ ಕೊಡವಲ್ರಿ?"