ಗಾಳೆಮ್ಮನ ಎರಡು ಮುಂದಿನ ಹಲ್ಲು

ಕೆಂಪುಗುಂಡಿ ಊರು, ಬರಿದೊಡಲ ಕಾಲದ ನಲವತ್ತೊಂದನೆಯ ವರ್ಷ, ಎರಡನೆಯ ಚೈತ್ರದ ಮೂವತ್ತೆಂಟನೆಯ ದಿನ.

ಹಿಂದಿನವರೇ,

ಈ ದಿನವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ಉದ್ದವಾಗುತ್ತಾ ಹೋದಂತೆ ನಮ್ಮ ಹಿರಿಯರು ಚೈತ್ರವನ್ನು ಎರಡು ಮಾಡಿದರು, ಅದೂ ಸಾಲದೆ ಎರಡನ್ನೂ ಎಳೆದು ಉದ್ದ ಮಾಡಿದರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನನ್ನ ಹೆಸರು ಹೊನ್ನೂರವ್ವ. ಸಂಡೂರಿನ ಗುಡ್ಡಗಳಿಂದ ನೀವು ಅದಿರು ತೆಗೆದು ಬಿಟ್ಟುಹೋದ ಹೊಂಡವೊಂದರ ಗೋಡೆಗಳನ್ನು ಕೊರೆದು ನಾವು ಮನೆ ಮಾಡಿಕೊಂಡಿದ್ದೇವೆ. ನೀವು ತೋಡದೇ ಹೋಗಿದ್ದರೆ ನಮಗೆ ನೆರಳೇ ಇರುತ್ತಿರಲಿಲ್ಲ, ಹಾಗಾಗಿ ನಿಮ್ಮನ್ನು ಬೈಯಲು ಕೂತಿಲ್ಲ. ಮಾತಾಡಲು ಯಾರೂ ಸಿಗದವರು ಹಿಂದಿನವರಿಗೆ ಓಲೆ ಬರೆದು, ಮಡಕೆಯಲ್ಲಿಟ್ಟು, ಹೊಂಡದ ತಳದ ಬಾವಿಗೆ ಇಳಿಬಿಡುವುದು ನಮ್ಮೂರಿನ ರೂಢಿ. ಆಳಕ್ಕೆ ಹೋದಷ್ಟೂ ಹಳೆಯ ಕಾಲ ಸಿಗುತ್ತದೆ ಅನ್ನುತ್ತಾರೆ. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಬೇಕಾದವರು ಮಕ್ಕಳನ್ನು ಬೆಳೆಸಿದವರು, ಅವರೆಲ್ಲ ನಿಮ್ಮ ಕಾಲದಲ್ಲಿದ್ದಾರೆ.

ಬರಿದೊಡಲ ಕಾಲ ಅಂದೆ. ಹೆಂಗಸರ ಬಸಿರು ನಿಲ್ಲದೇ ಹೋದ ಕಾಲ ಅದು, ಇನ್ನೂ ಮುಗಿದಿಲ್ಲ. ಕಾರಣ ಏನೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಊರಿನಲ್ಲಿ ನನಗಿಂತ ಮುಂಚೆ ಹುಟ್ಟಿದವರೆಲ್ಲ ಮುದುಕರಾಗುತ್ತಿದ್ದಾರೆ, ನನ್ನ ನಂತರ ಹುಟ್ಟಿದ ಒಂದೇ ಜೀವ ನನ್ನ ಮಗಳು ಗಾಳೆಮ್ಮ. ಅವಳ ಅಪ್ಪ ಮಾರೆಪ್ಪ ಅವಳು ಹೊಟ್ಟೆಯಲ್ಲಿದ್ದಾಗಲೇ ದೂಳುಕೆಮ್ಮಿಗೆ ಹೋದ. ಊರೆಲ್ಲ ಅವಳನ್ನು ಎತ್ತಿಕೊಳ್ಳಲು ಸಾಲು ನಿಲ್ಲುತ್ತದೆ. ಆದರೆ ಕೂಸಿಗೆ ಬಿಕ್ಕಳಿಕೆ ಬಂದರೆ ಏನು ಮಾಡಬೇಕು ಎಂದು ಕೇಳಿದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ.

ಅವಳಿಗೆ ಮೂರು ತುಂಬುವ ಮುಂಚೆ ನಮ್ಮ ಮನೆಯ ಮುಂದಿನ ಕಬ್ಬಿಣಗಲ್ಲಿನ ಮೆಟ್ಟಿಲಿನಲ್ಲಿ ಆಡಿನ ಮರಿಯ ಹಿಂದೆ ಓಡಿ ಮುಗ್ಗರಿಸಿದಳು. ಮೇಲಿನ ಮುಂದಿನ ಹಲ್ಲು ಎರಡೂ ಹೋದವು. ಒಂದು ಕೆಂಪು ದೂಳಿನಲ್ಲಿ ಎಲ್ಲೋ ಸೇರಿತು, ಇನ್ನೊಂದು ಅಕ್ಕಿಕಾಳಿನ ಹಾಗೆ ಅಂಗೈಗೆ ಬಂತು. ಬಾಯಿ ತುಂಬ ರಕ್ತ. ಈಗ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಅದಿರು ಒಡೆಯುವ ಜನ ನಾವು, ಹಾರಿದ ಕಲ್ಲಿಗೆ ಹಲ್ಲು ಕಳಚುವುದು ಇಲ್ಲಿ ನೆಗಡಿಯಷ್ಟೇ ಮಾಮೂಲಿ. ಕಳಚಿದ ಹಲ್ಲನ್ನು ಹಾಲಿನಲ್ಲಿ ಅದ್ದಿ, ಒಣಗುವ ಮುಂಚೆ ಅದೇ ಗೂಡಿಗೆ ಒತ್ತಿ ಕೂರಿಸುತ್ತೇವೆ. ಇದಕ್ಕೆ ಮರುನಾಟಿ ಎನ್ನುತ್ತೇವೆ. ದೊಡ್ಡವರ ಹಲ್ಲು ಹೀಗೆ ಬೇರು ಹಿಡಿದು ಉಳಿದದ್ದನ್ನು ನಾನೇ ನೋಡಿದ್ದೇನೆ. ಊರಿನ ಹಿರಿಯ ಜಡೆಪ್ಪಜ್ಜ ಹಾಲಿನ ಬಟ್ಟಲು ಹಿಡಿದೇ ಓಡಿ ಬಂದ. "ತಡ ಮಾಡಬ್ಯಾಡವ್ವಾ, ಒಣಗಿದ್ರ ಹಲ್ಲು ಸತ್ತ ಹೋಗ್ತೈತಿ" ಎಂದು ಕೂಸಿನ ಗದ್ದ ಹಿಡಿದು ಆ ಹಲ್ಲನ್ನು ಒಸಡಿಗೆ ಒತ್ತಿದ. ಅವನ ಕೈ ಒಳ್ಳೆಯದು, ಮನಸ್ಸೂ ಒಳ್ಳೆಯದು. ಹಾಲು ಹಲ್ಲಿಗೆ ಬೇರೆ ನಿಯಮವಿದೆ ಎಂಬುದು ಅಲ್ಲಿ ನಿಂತ ಒಬ್ಬರಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಇಲ್ಲಿ ಹಾಲು ಹಲ್ಲೇ ಇರಲಿಲ್ಲವಲ್ಲ, ನಮ್ಮನ್ನು ಬೆಳೆಸಿದ ತಾಯಂದಿರೂ ಉಳಿದಿರಲಿಲ್ಲ.

ಗೊತ್ತಿದ್ದವಳು ಕೃಷ್ಣೆಯ ಆಚೆ ದಂಡೆಯಲ್ಲಿದ್ದಳು. ದೂರದನಿ ಎಂಬ ಪೆಟ್ಟಿಗೆಯೊಂದು ನಮ್ಮಲ್ಲಿದೆ, ಹಳೆಯ ತಂತಿಯ ಮೇಲೆ ಅಳಿದುಳಿದ ಊರುಗಳು ಅದರಲ್ಲಿ ಮಾತಾಡುತ್ತವೆ. ಅಂದು ಸಂಜೆ ನಾನು ಅದರ ಮುಂದೆ ಕೂತು ಮಕ್ಕಳನ್ನು ಹೆತ್ತವರು ಯಾರಾದರೂ ಇದ್ದೀರಾ ಎಂದು ಕೂಗಿದೆ. ತುಂಬಾ ಹೊತ್ತು ಗರಗರ ಸದ್ದು. ಆಮೇಲೆ ಚಂದವ್ವ ಎಂಬ ಮುದುಕಿಯ ದನಿ ಬಂತು. ಎಲ್ಲ ಕೇಳಿಸಿಕೊಂಡು, "ಮೊದ್ಲ ಅದನ್ನ ತೆಗೀರಿ. ಹಾಲು ಹಲ್ಲು ತಿರುಗಿ ಇಡಬಾರ್ದು. ಒಸಡಿನ ಒಳಗ ಇನ್ನೊಂದು ಹಲ್ಲು ಮಲಗೇತಿ, ನೀವು ಒತ್ತಿದ್ರ ಅದಕ್ಕ ಪೆಟ್ಟಾಗ್ತೈತಿ" ಎಂದಳು. ಹಲ್ಲು ಅಲುಗಾಡುತ್ತಲೇ ಇತ್ತು, ತೆಗೆದೆವು. ಒಳಗೆ ಮಲಗಿದ್ದಕ್ಕೆ ಆಗಲೇ ಪೆಟ್ಟಾಗಿದೆಯೇ ಎಂದು ಕೇಳಿದೆ. ಅದು ಬಂದ ಮೇಲೇ ಗೊತ್ತಾಗುವುದು ಎಂದಳು. ಯಾವಾಗ ಬರುತ್ತದೆ ಎಂದು ಕೇಳಿದೆ. "ಏಳು ತುಂಬಲಿ" ಎಂದಳು. ಮಗಳಿಗೆ ಆಗ ಮೂರೂ ಆಗಿರಲಿಲ್ಲ. ಅಂದಿನಿಂದ ನನ್ನ ಬದುಕಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ, ಆ ಹಲ್ಲು ಬರುತ್ತದೋ ಇಲ್ಲವೋ ಎಂಬುದು.

ಚಂದವ್ವ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ನಿಮಗೆ ಇದೆಲ್ಲ ಗೊತ್ತಿರಬಹುದು, ನಗಬೇಡಿ. ತಣ್ಣನೆಯ ಒದ್ದೆ ಬಟ್ಟೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಸಿಗದ ಹಲ್ಲು ಉಸಿರಿನ ದಾರಿಗೆ ಹೋಗಿರಬಹುದು, ಕೂಸು ಬಿಡದೆ ಕೆಮ್ಮುತ್ತದೆಯೇ, ಉಸಿರು ಸಿಳ್ಳೆ ಹೊಡೆಯುತ್ತದೆಯೇ ಎಂದು ನೋಡಬೇಕು. ಒಸಡಿನೊಳಕ್ಕೇ ಪೂರ್ತಿ ಹೊಕ್ಕಿರುವುದೂ ಉಂಟು. ಇವುಗಳಲ್ಲಿ ಯಾವುದಾದರೂ ಅನುಮಾನವಿದ್ದರೆ ಬಲ್ಲವರಿಗೆ ತೋರಿಸಲೇಬೇಕು. ನಿಮಗೆ ಹಲ್ಲಿನ ಡಾಕ್ಟರುಗಳಿದ್ದಾರಂತೆ, ಅದೇ ದಿನ ಹೋಗಿ. ತುಟಿ ಊದಿಕೊಂಡು ಮುಖ ಗುರುತು ಸಿಗದಂತಾಗುತ್ತದೆ, ಕೆಲವು ದಿನಕ್ಕೆ ಇಳಿಯುತ್ತದೆ. ತಣ್ಣಗಿನ ಅಂಬಲಿ, ಮೆತ್ತನೆಯ ಅನ್ನ ಕೊಡಬೇಕು. ಪಕ್ಕದ ಹಲ್ಲೊಂದು ನಮ್ಮ ಕೂಸಿಗೆ ಬೂದು ಬಣ್ಣಕ್ಕೆ ತಿರುಗಿತು, ನಾನು ಅಳುತ್ತಾ ಕೂತೆ. ಬಣ್ಣಕ್ಕೆ ಹೆದರಬೇಡ, ಒಸಡಿನ ಮೇಲೆ ಗುಳ್ಳೆ ಎದ್ದರೆ, ಜ್ವರ ಬಂದರೆ ಮಾತ್ರ ಹೆದರು ಎಂದು ಚಂದವ್ವ ಗದರಿದಳು. ಕೂಸು ಬೇಗ ಪಕ್ಕದ ಹಲ್ಲಿನಿಂದ ರೊಟ್ಟಿ ಕಚ್ಚುವುದನ್ನು ಕಲಿತಳು. ಮಾತಿನಲ್ಲಿ ಸ್ವಲ್ಪ ಗಾಳಿ ಸೇರಿಕೊಂಡಿತು, ಹೆಸರಿಗೆ ತಕ್ಕ ಹಾಗಾಯಿತು ಎಂದು ಜಡೆಪ್ಪಜ್ಜ ರೇಗಿಸಿದ. ಅಷ್ಟೇ. ದೇಹಕ್ಕೆ ಆದದ್ದು ಅಷ್ಟೇ, ನಿಜವಾಗಿಯೂ ದೊಡ್ಡದೇನಲ್ಲ.

ದೊಡ್ಡದಾದದ್ದು ಬೇರೆ. ನಿಮ್ಮ ಕಾಲದಲ್ಲಿ ಒಂದು ಶಾಲೆಯ ಕೋಣೆಯೊಳಗೆ ಹೋದರೆ ಅರ್ಧ ಮಕ್ಕಳ ಬಾಯಲ್ಲಿ ಕಿಂಡಿ ಇರುತ್ತಿತ್ತಂತೆ. ಒಬ್ಬರದು ಬಿದ್ದರೆ ಇನ್ನೊಬ್ಬರದು ಅಲುಗಾಡುತ್ತಿತ್ತಂತೆ, ಬಿದ್ದದ್ದನ್ನು ಮಾಳಿಗೆಯ ಮೇಲೆ ಎಸೆದು ಎಲ್ಲರೂ ಕುಣಿಯುತ್ತಿದ್ದರಂತೆ. ನಮಗೆ ಮಾಳಿಗೆಯಿಲ್ಲ, ಕುಣಿಯುವವರೂ ಇಲ್ಲ. ನನ್ನ ಮಗಳ ಕಣ್ಣಿಗೆ ಬೀಳುವ ಬಾಯಿಗಳೆಲ್ಲ ದೊಡ್ಡವರ ಬಾಯಿಗಳು. ಹಲ್ಲು ಕಳಚಿದ ದೊಡ್ಡವರು ಅದನ್ನು ಸಂಜೆಯೊಳಗೆ ಮತ್ತೆ ಕೂರಿಸಿಕೊಳ್ಳುತ್ತಾರೆ, ಅವಳದನ್ನು ಮಾತ್ರ ಕೂರಿಸಿ ಮತ್ತೆ ಕಿತ್ತರು. ನಾಲ್ಕು ತುಂಬಿದ ಮೇಲೆ ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯತೊಡಗಿದಳು. ಯಾರೂ ಕಲಿಸಿದ್ದಲ್ಲ. ಒಂದು ದಿನ ಹಿಟ್ಟು ನಾದುತ್ತಿದ್ದಾಗ ಪಕ್ಕದಲ್ಲಿ ಕೂತು, "ಅವ್ವಾ, ನಾ ಒಬ್ಬಾಕೀನ ಯಾಕ ಮುರದು ಹೋಗೀನಿ?" ಎಂದು ಕೇಳಿದಳು. ಮುರಿದಿಲ್ಲವ್ವಾ, ಒಳಗೆ ಇನ್ನೊಂದು ಮಲಗಿದೆ, ಎದ್ದು ಬರುತ್ತದೆ ಎಂದೆ. ನೀನು ನೋಡಿದ್ದೀಯಾ ಎಂದಳು. ನನ್ನ ಹಲ್ಲು ಬಿದ್ದು ಬಂದದ್ದು ನನಗೇ ಸರಿಯಾಗಿ ನೆನಪಿಲ್ಲ. ಆ ದಿನ ನನಗೆ ಬಂದಷ್ಟು ಒಂಟಿತನ ಮಾರೆಪ್ಪ ಸತ್ತ ದಿನವೂ ಬಂದಿರಲಿಲ್ಲ.

ಐದು ತುಂಬಿತು, ಆರು ತುಂಬಿತು. ಹಲ್ಲಿದ್ದ ಕಡೆ ಒಸಡು ಗಟ್ಟಿಯಾಗಿ ಮುಚ್ಚಿಕೊಂಡಿತು. ಬಿದ್ದು ವರ್ಷಗಳಾದರೆ ಒಸಡು ದಪ್ಪವಾಗುತ್ತದೆ, ಬರುವುದು ಇನ್ನಷ್ಟು ತಡವಾದೀತು ಎಂದು ಚಂದವ್ವ ಮೊದಲೇ ಹೇಳಿದ್ದಳು. ಹಾಗೆಂದು ಸಮಾಧಾನವಾಗುತ್ತದೆಯೇ? ದೀಪ ಹಿಡಿದು ದಿನಾ ಅವಳ ಬಾಯಿ ನೋಡುತ್ತಿದ್ದೆ, ಕೊನೆಗೆ ಅವಳೇ ಬೇಸತ್ತು ತುಟಿ ಬಿಗಿದಳು. ಆ ಚಳಿಗಾಲದಲ್ಲಿ ಚಂದವ್ವನ ದನಿ ನಿಂತಿತು. ಪೆಟ್ಟಿಗೆ ಕೆಟ್ಟಿರಬಹುದು, ತಂತಿ ಕಡಿದಿರಬಹುದು, ಅವಳೇ ಇಲ್ಲದಿರಬಹುದು. ಅವಳ ಮುಖವನ್ನು ನಾನು ಒಮ್ಮೆಯೂ ನೋಡಿದವಳಲ್ಲ. ಈಗಲೂ ರೊಟ್ಟಿ ಸುಟ್ಟಾದ ಮೇಲೆ ಹೋಗಿ ಪೆಟ್ಟಿಗೆಯ ಮುಂದೆ ಕೂರುತ್ತೇನೆ.

ಅದರ ಹಿಂದೆಯೇ ಮಗಳು ಊಟ ಬಿಟ್ಟಳು. ಹೊಟ್ಟೆನೋವೋ ಎಂದು ಕೇಳಿದರೆ ತಲೆ ಅಲ್ಲಾಡಿಸಿದಳು. ಬಲವಂತವಾಗಿ ಬಾಯಿ ತೆರೆಸಿದೆ. ಕೆಳಗಿನ ಮುಂದಿನ ಹಲ್ಲೊಂದು ನಾಲಿಗೆ ತಾಗಿದರೆ ಸಾಕು, ಅಲುಗಾಡುತ್ತಿತ್ತು. ಅವಳು ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಅದೂ ಹೋಗುತ್ತದೆ, ಒಂದೊಂದಾಗಿ ಎಲ್ಲವೂ ಹೋಗುತ್ತವೆ, ತಾನು ಪೂರ್ತಿ ಮುರಿಯುತ್ತಿದ್ದೇನೆ ಎಂದು ತಿಳಿದು ಆ ಕೂಸು ಒಬ್ಬಳೇ ಒಳಗೊಳಗೇ ನಡುಗುತ್ತಿದ್ದಳು. ಹಲ್ಲು ಬಿತ್ತು. ಅದನ್ನು ನೆಡಲು ಯಾರನ್ನೂ ಬಿಡಲಿಲ್ಲ. ಸ್ವಲ್ಪ ದಿನಕ್ಕೇ ಅಲ್ಲಿ ಹೊಸದೊಂದು ಗರಗಸದಂಥ ಅಂಚು ಮಾಡಿಕೊಂಡು ಮೇಲೆದ್ದಿತು. ಅವಳು ಬೆರಳಿನಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿ, ಎರಡು ರೊಟ್ಟಿ ತಿಂದಳು.

ಮೇಲಿನವು ಏಳು ದಾಟಿ ಎಂಟಕ್ಕೆ ಹತ್ತಿರವಾದಾಗ ಬಂದವು. ಎಡಗಡೆಯದು ನೆಟ್ಟಗೆ, ಬೆಳ್ಳಗೆ ಬಂತು. ಜಡೆಪ್ಪಜ್ಜ ಒತ್ತಿದ್ದ ಬಲಗಡೆಯದು ತಿಂಗಳುಗಟ್ಟಲೆ ತಡವಾಗಿ, ತುಸು ಸೊಟ್ಟಗೆ, ಮೈಮೇಲೊಂದು ಕಂದು ಮಚ್ಚೆ ಹೊತ್ತುಕೊಂಡು ಬಂತು. ಒತ್ತಿದ್ದಕ್ಕೋ, ಬಿದ್ದ ಪೆಟ್ಟಿಗೋ, ಹೇಳುವವರಿಲ್ಲ. ಅಜ್ಜ ಅದನ್ನು ನೋಡಿ ಗೋಡೆಗೆ ಮುಖ ಮಾಡಿ ಅತ್ತ. ನಾನು ಅಳಲಿಲ್ಲ. ಮಚ್ಚೆಯಿದ್ದರೇನು, ಹಲ್ಲು ಬಂತಲ್ಲ. ಓಡಿಹೋಗಿ ಪೆಟ್ಟಿಗೆಯ ಮುಂದೆ ಕೂತು, ಚಂದವ್ವಾ, ಬಂತವ್ವಾ, ಎರಡೂ ಬಂದ್ವು ಎಂದು ದನಿ ಹೋಗುವವರೆಗೆ ಹೇಳಿದೆ. ಗರಗರ ಸದ್ದೂ ಬರಲಿಲ್ಲ. ಆಗಲೇ ಈ ಓಲೆ ಬರೆಯಬೇಕೆನ್ನಿಸಿದ್ದು.

ಇನ್ನು ನಿಮ್ಮಲ್ಲಿ ಕೇಳುವುದೊಂದಿದೆ, ಅದು ನನ್ನದಲ್ಲ. ನಾನು ಬರೆಯುವುದನ್ನು ನೋಡಿ ಗಾಳೆಮ್ಮ, "ಅಲ್ಲಿ ನನ್ನಂಥ ಬಾಯಿ ಇರೋ ಹುಡುಗ್ರು ಅದಾರೇನು, ಕೇಳು" ಎಂದಳು. ಬರೆದೆ. ಉತ್ತರ ಬರುವುದಿಲ್ಲ ಎಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮಡಕೆಯ ಬಾಯಿ ಕಟ್ಟುವ ಮುಂಚೆಯೇ ಏನಂದರು ಎಂದು ಕೇಳುತ್ತಾ ಪಕ್ಕದಲ್ಲಿ ಕೂತಿದ್ದಾಳೆ. ನಿಮ್ಮ ಪರವಾಗಿ ನಾನೇ ಹೇಳಿಬಿಟ್ಟೆ. ಅದಾರವ್ವಾ, ಓಣಿ ತುಂಬ ಅದಾರ, ಬಾಯಿ ಮುಚ್ಚಿಕೊಳ್ಳದ ನಗ್ತಾರಂತ, ಇನ್ನ ಮುಂದನೂ ಹುಟ್ಟತಾರಂತ ಎಂದೆ. ಅವಳು ನಂಬಿದಳು. ನನ್ನ ಮಾತನ್ನು ಸುಳ್ಳು ಮಾಡಬೇಡಿ.