ಎಡಗಿವಿಯ ಕಡೆ ಕೂತವರು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೂಟೀ,

ಹೇಗಿದ್ದೀಯ? ಆ ಬಂದರಿನ ಕಚೇರಿಯಲ್ಲಿ ಇನ್ನೂ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂರಿಸಿದ್ದಾರೋ? ಉಪ್ಪುಗಾಳಿಗೆ ನಿನ್ನ ಕೆಮ್ಮು ಏಳುತ್ತದೆ, ಕುತ್ತಿಗೆಗೆ ಏನಾದರೂ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಗಟ್ಟಿಯಾಗಿದ್ದೀನಿ, ಮಂಡಿ ಮಾತ್ರ ಹಳೇ ಬಸ್ಸಿನ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ. ನಿನ್ನ ದೊಡ್ಡಮ್ಮನೂ ಚೆನ್ನಾಗಿದ್ದಾಳೆ, ನನ್ನನ್ನು ಬಯ್ಯುವಷ್ಟು ಶಕ್ತಿ ಇದೆ. ನಾನು ಆರನೇ ಕ್ಲಾಸಿಗೇ ಶಾಲೆಗೆ ಉದ್ದಂಡ ನಮಸ್ಕಾರ ಹಾಕಿ ಬಸ್ ಡಿಪೋ ಸೇರಿದವನು. ಕಾಗದ ಬರೆಯುವುದೆಂದರೆ ನನಗೆ ಸ್ಪ್ಯಾನರ್ ಹಿಡಿದು ಹೂ ಕಟ್ಟಿದ ಹಾಗೆ. ತಪ್ಪುಗಳನ್ನು ನೀನೇ ತಿದ್ದಿಕೊಂಡು ಓದು. ಫೋನಿನಲ್ಲಿ ಹೇಳೋಣವೆಂದರೆ ನಾನು ಎರಡನೇ ಮಾತಿಗೇ ಕೂಗುತ್ತೀನಿ, ನೀನು ಮೂರನೇ ಮಾತಿಗೆ ಇಟ್ಟುಬಿಡುತ್ತೀಯ.

ವಿಷಯಕ್ಕೆ ಬರುತ್ತೀನಿ. ನಿನ್ನಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಸೈನ್ಯದಲ್ಲೇ ಹೋಗಿತ್ತು, ಅದು ನಿನಗೆ ಗೊತ್ತು. ಈಗ ಬಲಗಿವಿಯೂ ಹೋಯಿತು. ಪೂರ್ತಿ. ನರ ಸತ್ತಿದೆ ಅಂದರು ಡಾಕ್ಟರು. ಯಂತ್ರ ಹಾಕಿಸಿದೆವು, ಅದರಲ್ಲಿ ಬರೀ ಗುಂಯ್ ಅನ್ನುತ್ತದಂತೆ, ಮೇಜಿನ ಡ್ರಾಯರಿನಲ್ಲಿ ಬಿದ್ದಿದೆ. ಅದೆಲ್ಲ ಇರಲಿ, ಈ ಮಹಾರಾಯ ಅದನ್ನು ಯಾರ ಹತ್ತಿರವೂ ಒಪ್ಪುವುದಿಲ್ಲ. ನಾನು ಚೀಟಿಯಲ್ಲಿ ಬರೆದುಕೊಟ್ಟರೆ “ನಾನೇನು ಕಿವುಡನಾ?” ಎಂದು ಹರಿದುಹಾಕುತ್ತಾನೆ. ಯಾರು ಏನು ಹೇಳಿದರೂ ಮುಖ ನೋಡಿಕೊಂಡು “ಹೂಂ… ಹೂಂ… ಇರಲಿ ಬಿಡು” ಅನ್ನುತ್ತಾನೆ. ಬಂದವರು ಸಮಾಧಾನವಾಯಿತು ಅಂದುಕೊಂಡು ಎದ್ದು ಹೋಗುತ್ತಾರೆ.

ಹೋದ ತಿಂಗಳು ನೀನು ಫೋನ್ ಮಾಡಿದಾಗಲೂ ಆಗಿದ್ದು ಅದೇ. ನೀನು “ನಾನು ಬರಲಾ ಅಪ್ಪಾ?” ಅಂತ ಕೇಳಿದೆಯಂತೆ. ಅವನು “ಇರಲಿ ಬಿಡು” ಅಂದ. ಇನ್ನು ಆ ಮನೆ ಕಡೆ ತಲೆ ಹಾಕುವುದಿಲ್ಲ ಅಂತ ನಿನ್ನ ದೊಡ್ಡಮ್ಮನ ಹತ್ತಿರ ಹೇಳಿಕೊಂಡು ಅತ್ತೆಯಂತೆ. ಆ ಪುಣ್ಯಾತ್ಗಿತ್ತಿ ಇದನ್ನು ನನಗೆ ಬಾಯಿ ಬಿಟ್ಟಿದ್ದು ಮೊನ್ನೆ. ಚೂಟೀ, ನೀನು ಹೇಳಿದ್ದರಲ್ಲಿ ಒಂದಕ್ಷರವೂ ಅವನಿಗೆ ಕೇಳಿಸಿಲ್ಲ ಕಣೇ. ನಾನು ಅಲ್ಲೇ ಇದ್ದೆ. ಫೋನಿನ ಮೇಲೆ ನಿನ್ನ ಮುಖ ಬಂದದ್ದು ನೋಡಿ ಎತ್ತಿದ. ಬಲಗಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡ. ನೀನು ಇಟ್ಟ ಮೇಲೂ ಅವನಿಗೆ ಗೊತ್ತಾಗಲಿಲ್ಲ, ಹಾಗೇ ಹಿಡಿದುಕೊಂಡು ಹೂಂಗುಡುತ್ತಲೇ ಇದ್ದ. ನಾನು ಫೋನ್ ಕಿತ್ತುಕೊಳ್ಳಬೇಕಾಯಿತು.

ಮೊನ್ನೆ ಶಾಲೆಯಿಂದ ಹೆಡ್ ಮೇಡಂ ಬಂದಿದ್ದರು. ನಿನ್ನಪ್ಪ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದನಲ್ಲ, ಆ ಕೋಣೆಗೆ ಅವನ ಹೆಸರಿಡುತ್ತಾರಂತೆ. ಅವನ ಬದುಕಿನ ಬಗ್ಗೆ ನಾಲ್ಕು ಮಾತು ಬೇಕಂತೆ. “ಸೈನ್ಯಕ್ಕೆ ಯಾಕೆ ಸೇರಿದಿರಿ ಸರ್?” ಅಂತ ಅವರು ಕೇಳಿದರೆ ಇವನು “ಈ ಸಲ ಸೆಕೆ ಜಾಸ್ತಿ ಅಲ್ವಾ” ಅಂದ. ಆಯಮ್ಮ ಪಾಪ ನನ್ನ ಮುಖ ನೋಡಿದರು. ಸೈನ್ಯದಲ್ಲಿದ್ದ, ಲೆಕ್ಕದ ಮೇಷ್ಟ್ರಾಗಿದ್ದ, ಆಮೇಲೆ ಕೌನ್ಸೆಲರ್ ಆದ ಅಂತ ಬಸ್ಸಿನ ಬೋರ್ಡು ಓದಿದ ಹಾಗೆ ಹೇಳಿ ಕಳಿಸಿದೆ. ಅವರಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೀನಿ.

ಸೈನ್ಯದಲ್ಲಿ ಅವನಿಗೆ ಬಂದೂಕಿಗಿಂತ ವೈರ್‌ಲೆಸ್ ಕೆಲಸವೇ ಜಾಸ್ತಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮುಂದೆ ಹೋದವರ ಮಾತು ಕೇಳಿ ಹಿಂದಿನವರಿಗೆ ಹೇಳಬೇಕು. ಒಂದು ಬೆಳಿಗ್ಗೆ ಆ ಕಡೆಯಿಂದ ಜೊತೆಗಾರ ಮಾತಾಡುತ್ತಲೇ ಇದ್ದವನು ನಡುಮಾತಿನಲ್ಲಿ ನಿಂತುಹೋದ. ಇವನು ಕರೆದೇ ಕರೆದ. ಆ ಹೊತ್ತಿಗೆ ಇವನ ಪಕ್ಕದಲ್ಲೂ ಶೆಲ್ ಸಿಡಿದು ಎಡಗಿವಿ ಹೋಯಿತು. ಇಷ್ಟನ್ನೂ ಅವನು ನನಗೆ ಹೇಳಿದ್ದು ಒಂದೇ ಸಲ, ಅದೂ ನಾನು ಬಸ್ಸಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಾಗ. ನನ್ನ ಕಾಲು ಮಾತ್ರ ಅವನಿಗೆ ಕಾಣುತ್ತಿತ್ತು. ನಾನು ಹೊರಗೆ ಬರುವಷ್ಟರಲ್ಲಿ ಮಾತು ಮುಗಿಸಿ ಹೊರಟಿದ್ದ.

ಮೇಷ್ಟ್ರ ಕೆಲಸ ಸಿಕ್ಕ ಹೊಸದರಲ್ಲಿ ಕ್ಲಾಸಿನಲ್ಲಿ ಯಾರೋ ಬೆಂಚು ಬೀಳಿಸಿದರು. ಧಡ್ ಅಂದಿದ್ದೇ ತಡ, ಇವನು ಮೇಜಿನ ಕೆಳಗೆ. ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ನಾನಾಗಿದ್ದರೆ ಎದ್ದು ನಾಲ್ಕು ಬಿಗಿದಿರುತ್ತಿದ್ದೆ. ಇವನು ಮೆಲ್ಲಗೆ ಎದ್ದ, ಪ್ಯಾಂಟಿನ ಧೂಳು ಕೊಡವಿಕೊಂಡ, “ನನಗೆ ಹೆದರಿಕೆ ಆಯ್ತಪ್ಪಾ. ಇಲ್ಲಿ ಇನ್ಯಾರ್ಯಾರಿಗೆ ಹೆದರಿಕೆ ಆಗುತ್ತೆ?” ಅಂದ. ಅವತ್ತಿನಿಂದ ಶುರುವಾಯಿತು ನೋಡು. ಶಾಲೆ ಬಿಟ್ಟ ಮೇಲೆ ಒಬ್ಬರಾದ ಮೇಲೆ ಒಬ್ಬರು ಬರತೊಡಗಿದರು. ಕೊನೆಗೆ ಶಾಲೆಯವರು ಮುರಿದ ಬೆಂಚು ತುಂಬಿಡುವ ಕೋಣೆಯನ್ನು ಅವನಿಗೇ ಬಿಟ್ಟುಕೊಟ್ಟರು. ತಿಂಗಳುಗಟ್ಟಲೆ ಹೊರಗೆ ಟ್ರೇನಿಂಗಿಗೂ ಕಳಿಸಿದರು.

ಅಲ್ಲಿ ಅವನ ಪದ್ಧತಿಯೇ ಬೇರೆ. ಎದುರಿಗೆ ಕೂರುತ್ತಿರಲಿಲ್ಲ, ಉದ್ದದ ಬೆಂಚಿನ ನಡುವೆ ಕೂರುತ್ತಿದ್ದ. ಬಾಯಿಗೆ ಬರಲಾರದ ಮಾತಿದ್ದವರು ಮೊದಲು ಎಡಗಡೆ ಕೂತು ಹೇಳಬೇಕು, ಆ ಕಿವಿ ಕೇಳಿಸುವುದಿಲ್ಲ ಅಂತ ಇಡೀ ಶಾಲೆಗೆ ಗೊತ್ತು. ಬಯ್ಯಲಿ, ಅಳಲಿ, ಯಾರು ಹೊಡೆದರು, ಯಾರು ಮುಟ್ಟಬಾರದ ಕಡೆ ಮುಟ್ಟಿದರು, ಎಲ್ಲ ಹೇಳಿಕೊಳ್ಳಲಿ. ಇವನು ಗೋಡೆ ನೋಡುತ್ತಾ ಕೂತಿರುತ್ತಿದ್ದ. ಒಂದು ಸಲ ಬಾಯಿಂದ ಹೊರಗೆ ಬಿದ್ದ ಮಾತಿಗೆ ಎರಡನೇ ಸಲ ಅಷ್ಟು ಭಾರ ಇರುವುದಿಲ್ಲವಂತೆ. ಆಮೇಲೆ “ಈ ಕಡೆ ಬರ್ತೀಯೇನಪ್ಪಾ?” ಅನ್ನುತ್ತಿದ್ದ. ಬಂದರೆ ಬಂದರು, ಇಲ್ಲದಿದ್ದರೆ ನಾಳೆ. ಎಡಗಡೆಯೇ ವರ್ಷವಿಡೀ ಕೂತವರೂ ಇದ್ದರಂತೆ. “ಕಿವುಡಗಿವಿಗೆ ಸಂಬಳ ತಗೊಳ್ಳೋನು ಊರಿಗೆಲ್ಲ ನೀನೊಬ್ಬನೇ ಕಣೋ” ಅಂತ ನಾನು ರೇಗಿಸುತ್ತಿದ್ದೆ. ನಗುತ್ತಿದ್ದ.

ಊರ ಮಕ್ಕಳಿಗೆ ಹೀಗಿದ್ದವನು ನಿನಗೆ ಹಾಗಿರಲಿಲ್ಲ, ಒಪ್ಪಿದೆ. ನಿನ್ನಮ್ಮ ತೀರಿಹೋದ ಮಾರನೆಯ ದಿನ ನಿನ್ನ ಪಕ್ಕ ಕುರ್ಚಿ ಎಳೆದುಕೊಂಡು “ನಿನಗೆ ಏನನ್ನಿಸ್ತಿದೆ, ಹೇಳು” ಅಂದ. ನೀನು “ನನಗೆ ಕೌನ್ಸೆಲರ್ ಬೇಡ, ಅಪ್ಪ ಬೇಕು” ಅಂತ ಕಿರುಚಿದೆ. ನಾನು ಬಾಗಿಲಲ್ಲಿದ್ದೆ. “ಮಗಳನ್ನ ತಬ್ಬಿಕೊಳ್ಳೋದು ಬಿಟ್ಟು ಪ್ರಶ್ನೆ ಕೇಳ್ತೀಯಲ್ಲೋ ಮಂಕೇ” ಅಂತ ನಾನೂ ಜಾಡಿಸಿದೆ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ ಕಣಮ್ಮಾ, ಕೇಳಿಸಿಕೊಳ್ಳುವುದು. ಕೈಯಲ್ಲಿ ಇದ್ದ ಒಂದೇ ಸಾಮಾನು ಹಿಡಿದುಕೊಂಡು ಬಂದಿದ್ದ. ಈಗ ಅದೂ ಹೋಯಿತು. ಬಸ್ಸಾಗಿದ್ದರೆ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿರುತ್ತಿದ್ದೆ. ಇದಕ್ಕೆ ಎಲ್ಲಿ ಕೈ ಹಾಕಲಿ? ಹಳೇ ವಿದ್ಯಾರ್ಥಿಗಳು, ಈಗ ತಲೆ ನರೆತವರು, ಇನ್ನೂ ಬರುತ್ತಾರೆ. ಬಲಗಡೆ ಕೂತು ಗಂಡನ ವಿಷಯ, ಮಗನ ವಿಷಯ ತೋಡಿಕೊಳ್ಳುತ್ತಾರೆ. ಅವರಿಗೆ ಹೇಳಿಬಿಡೋಣ ಅಂತ ಬಾಯಿ ತೆರೆದರೆ ಇವನು ಅವರ ಹಿಂದಿನಿಂದ ನನ್ನ ಕಡೆ ನೋಡಿ ತಲೆಯಾಡಿಸುತ್ತಾನೆ. ಆ ಮುಖ ನೋಡಿದರೆ ನನ್ನಂಥವನ ಸಿಟ್ಟೂ ಇಳಿದುಹೋಗುತ್ತದೆ. ನಿನ್ನ ವಿಷಯ ಅವನಿಗೆ ಚೀಟಿಯಲ್ಲಿ ಬರೆಯೋಣವೆಂದು ಕೂತೆ. ಏನಂತ ಬರೆಯಲಿ? ಮಗಳು ಬರಲಾ ಅಂದಳು, ನೀನು ಬೇಡ ಅಂದೆ, ಅಂತಲೇ? ಅದನ್ನು ಓದಿ ಅವನು ಉಳಿಯುವುದಿಲ್ಲ. ಅದಕ್ಕೇ ಈ ಕಾಗದ ನಿನಗೆ ಬರೆದೆ. ತಿಳಿದವಳು, ತಪ್ಪು ತಿಳಿಯಬೇಡ.

ನಿನ್ನ ಕೆಮ್ಮು ನಿಲ್ಲಲಿ, ಕೆಲಸ ಸಲೀಸಾಗಲಿ, ಯಾರ ಹಂಗೂ ಇಲ್ಲದೆ ನೂರು ಕಾಲ ಬಾಳು. ದೊಡ್ಡಮ್ಮನೂ ಇದನ್ನೇ ಹೇಳಿದಳು ಅಂತ ಬರೆ ಅಂದಳು, ಬರೆದಿದ್ದೀನಿ.

ನಿನ್ನ,
ದೊಡ್ಡಪ್ಪ

ಮರೆತ ಮಾತು: ಮರೆತದ್ದಲ್ಲ, ಈಗ ಆಗಿದ್ದು. ಕಾಗದ ಮಡಿಸುವಾಗ ಅವನು ಬಂದು ನಿಂತ. ಮೇಲೆ ನಿನ್ನ ಹೆಸರು ಕಂಡಿರಬೇಕು. ಇಷ್ಟು ದಿನ ಒಪ್ಪದವನು ತಾನಾಗಿ ಕೇಳಿದ, “ಅವತ್ತು ಫೋನಲ್ಲಿ ಏನಂದಳೋ ಅವಳು? ನನಗೆ ಕೇಳಿಸಲಿಲ್ಲ” ಅಂತ. ಜನ್ಮದಲ್ಲಿ ನನಗೆ ಮುಚ್ಚುಮರೆ ಬಂದಿಲ್ಲ. ಆದರೂ ಪೆನ್ನು ತಗೊಂಡು ‘ಬರ್ತೀನಿ ಅಂದಳು’ ಅಂತ ಬರೆದು ಕೈಗೆ ಕೊಟ್ಟೆ. ಹರಿಯಲಿಲ್ಲ. ಎದುರಿಗೇ ಕೂತಿದ್ದಾನೆ. “ಯಾವತ್ತು?” ಅಂತ ಕೇಳುತ್ತಿದ್ದಾನೆ. ಏನು ಬರೆಯಲಿ ಹೇಳು.