ಬಲಗಡೆಯ ಬೆಸುಗೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಮ್ಮ ಪಿಕಪ್ ಶುಕ್ರವಾರದ ತಪಾಸಣೆಯಲ್ಲಿ ಫೇಲಾಯಿತು. ಬಲಬಾಗಿಲ ಕೆಳಗಿನ ಉದ್ದಪಟ್ಟಿಯನ್ನು ತುಕ್ಕು ಒಳಗಿನಿಂದಲೇ ತಿಂದು ಹಾಕಿದೆ ಎಂದು ತಪಾಸಣಾ ಕೇಂದ್ರದ ಅಧಿಕಾರಿ ಬರೆದುಕೊಟ್ಟಿದ್ದಾರೆ. ಎಂಜಿನ್, ಬ್ರೇಕು, ದೀಪ ಎಲ್ಲ ಸರಿಯಾಗಿವೆ. ನಿನ್ನ ಆರೋಗ್ಯ ಕೇಳುವ ಮೊದಲೇ ಗಾಡಿಯ ಆರೋಗ್ಯ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಕೆಮ್ಮು ಹೋಯಿತೇ? ಆಫೀಸಿನಲ್ಲಿ ನಿನ್ನ ಕುರ್ಚಿಯ ನೆತ್ತಿಗೇ ಎ.ಸಿ. ಗಾಳಿ ಬೀಸುತ್ತದೆ ಎಂದಿದ್ದೆಯಲ್ಲ, ಜಾಗ ಬದಲಾಯಿಸಿ ಕೊಟ್ಟರೇ? ಅಮ್ಮ ನಿನಗೊಂದು ಸ್ವೆಟರ್ ಕಳಿಸುತ್ತಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. "ಆ ತಗಡಿಗೆ ಮಾಡಿದ ಸೇವೆಯಲ್ಲಿ ಕಾಲುಭಾಗ ನನ್ನ ಮಂಡಿಗೆ ಮಾಡಿದ್ರೆ ನಾನು ಓಡಾಡ್ತಿದ್ದೆ" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ. ಪಾರ್ಸೆಲ್‌ನಲ್ಲಿ ಸ್ವೆಟರಿನ ಕೆಳಗೆ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಭಾರದ ವಸ್ತು ಇದೆ. ಅದು ನನ್ನದು. ಈ ಕಾಗದ ಓದಿ ಮುಗಿಸಿದ ಮೇಲೆ ಬಿಚ್ಚು.

ಹಿಂದಿನ ಅಧಿಕಾರಿಗಳೆಲ್ಲ ಮೇಲಿನ ಬಣ್ಣ ನೋಡಿ ಸಹಿ ಹಾಕಿ ಕಳಿಸುತ್ತಿದ್ದರು. ಈ ಅಧಿಕಾರಿ ಹೊಸಬರು. ಚಾಪೆ ಹಾಸಿ ಗಾಡಿಯ ಕೆಳಗೇ ಮಲಗಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ಎಡಗಡೆ ತಟ್ಟಿದರು, ಟಣ್ ಎಂದಿತು. ಬಲಗಡೆ ತಟ್ಟಿದರು, ನೆನೆದ ರಟ್ಟಿನ ಹಾಗೆ ಸದ್ದೇ ಇಲ್ಲ. ಮತ್ತೊಮ್ಮೆ ತಟ್ಟಿದಾಗ ಹಿಡಿ ಒಳಗೇ ಇಳಿಯಿತು. ಕಂದು ನೀರು ಅವರ ತೋಳಿನ ಮೇಲೆ ಸುರಿಯಿತು. ಮೇಲೆದ್ದು ಕೈ ಒರೆಸಿಕೊಳ್ಳುತ್ತ, "ಯಜಮಾನ್ರೇ, ಎಡಗಡೆ ಯಾರು ಮಾಡಿದ್ದು?" ಎಂದು ಕೇಳಿದರು. ಮನೆಯಲ್ಲೇ ಮಾಡಿದ್ದು ಎಂದೆ. "ಅದು ಗೊತ್ತಾಗುತ್ತೆ. ಕೈ ಯಾರದ್ದು? ಬಲಗಡೆ ಮಾಡಿದವರದ್ದಂತೂ ಅಲ್ಲ" ಎಂದರು. ಎಡಗಡೆ ನನ್ನ ಮಗಳದ್ದು, ಬಲಗಡೆ ನನ್ನದು ಎಂದೆ. ಅವರು ನಗಲಿಲ್ಲ. "ನೀರು ಹೋಗೋ ತೂತು ಯಾಕೆ ಮುಚ್ಚಿದ್ರಿ?" ಎಂದಷ್ಟೇ ಕೇಳಿದರು.

ನಿನಗೆ ನೆನಪಿರಬಹುದು. ಹನ್ನೊಂದು ವರ್ಷದ ಹಿಂದೆ ಕಿರಾಣಿ ಅಂಗಡಿಯವರಿಂದ ಆ ಗಾಡಿಯನ್ನು ಎಳೆದು ತಂದಾಗ ಅದರ ನೆಲ ಜರಡಿಯಾಗಿತ್ತು. ಕೂತರೆ ರಸ್ತೆ ಕಾಣಿಸುತ್ತಿತ್ತು. ನನಗೆ ಪಂಪ್‌ಹೌಸಿನ ಪಾಳಿ, ನಿನಗೆ ಪರೀಕ್ಷೆ ಮುಗಿದ ರಜೆ. ಬೆಸುಗೆ ಹಿಡಿಯುವುದನ್ನು ನಾನೇ ನಿನಗೆ ಕಲಿಸಿದ್ದು, ಮೂರೇ ಸಂಜೆ. ನಾಲ್ಕನೆಯ ಸಂಜೆ ನೀನು ನನಗೆ ಕಲಿಸುವಂತಾಗಿದ್ದೆ. ಎಡಗಡೆಯ ಪಟ್ಟಿಯನ್ನು ನೀನೊಬ್ಬಳೇ ಮುಗಿಸಿದೆ. ಆಮೇಲೆ ಗಾಡಿ ತಿರುಗಿಸಿ, ಆ ಬದಿಯನ್ನು ಶೆಡ್ಡಿನ ಗೋಡೆಗೆ ಒತ್ತಿ ನಿಲ್ಲಿಸಿ, ಬಲಗಡೆಯದನ್ನೂ ನೀನೇ ಮಾಡಿದೆ. ಎರಡೂ ಪಟ್ಟಿಯ ತಳದಲ್ಲಿ ನೀನು ನಾಲ್ಕು ನಾಲ್ಕು ಸಣ್ಣ ತೂತು ಬಿಟ್ಟಿದ್ದೆ. ಯಾಕೆ ಎಂದು ಕೇಳಿದ್ದಕ್ಕೆ "ನೀರು ಒಳಗೆ ಹೋಗೇ ಹೋಗುತ್ತಪ್ಪಾ, ಹೊರಗೆ ಬರೋಕೆ ದಾರಿ ಬೇಡ್ವಾ?" ಎಂದಿದ್ದೆ. ಬಲಗಡೆಯ ಬೆಸುಗೆ ಬಿಟ್ಟುಕೊಂಡಿತೆಂದು ನಾನು ಅದನ್ನು ಹೊಸದಾಗಿ ಮಾಡಿದಾಗ ಆ ತೂತುಗಳು ಅರೆಬರೆ ಕೆಲಸದ ಹಾಗೆ ಕಂಡವು. ನಾಲ್ಕನ್ನೂ ಮುಚ್ಚಿ, ಉಜ್ಜಿ, ನಯ ಮಾಡಿ, ಕಪ್ಪು ಬಣ್ಣ ಬಳಿದೆ. ನೋಡಿದವರೆಲ್ಲ ಕಾರ್ಖಾನೆಯಿಂದ ಬಂದ ಹಾಗಿದೆ ಎಂದರು. ಹನ್ನೊಂದು ಮಳೆಗಾಲದ ನೀರು ಅದರೊಳಗೇ ಕೂತಿತ್ತು.

ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನವರು ಆಗ ನಿನ್ನನ್ನು ತರಬೇತಿಗೆ ಕರೆದಿದ್ದರು. ಅವರ ಕಾಗದವನ್ನು ನೀನು ಮಡಚಿ ಅಡುಗೆಮನೆಯ ಡಬ್ಬದ ಕೆಳಗಿಟ್ಟೆ. "ನನ್ನ ಬೆಸುಗೆ ನಮ್ಮ ಗಾಡೀಲೇ ಒಂದು ವಾರ ನಿಲ್ಲಲಿಲ್ಲ. ಜನ ಕೂರೋ ಬಸ್ಸಿಗೆ ಯಾವ ಧೈರ್ಯದ ಮೇಲೆ ಹಾಕಲಪ್ಪಾ?" ಎಂದೆ. ನಾನು ಹೌದೆಂದು ತಲೆಯಾಡಿಸಿದೆ. ನೀನು ವಿಮಾ ಕಚೇರಿಗೆ ಸೇರಿದೆ. ಈಗ ಬೇರೆಯವರ ಜಜ್ಜಿದ ಗಾಡಿಗಳ ಫೋಟೋ ನೋಡಿ ಅರ್ಜಿ ತುಂಬುತ್ತೀಯ. ಹೋದ ತಿಂಗಳ ನಿನ್ನ ಕಾಗದದಲ್ಲಿ ನಿಮ್ಮೂರಿನ ವರ್ಕ್‌ಶಾಪಿನವರು ಬೆಸುಗೆಯ ಸಂಜೆ ತರಗತಿ ತೆಗೆಯುತ್ತಿದ್ದಾರೆ, ಫಾರಂ ತಂದು ನೋಡಿ ಸುಮ್ಮನಾದೆ ಎಂದು ಬರೆದಿದ್ದೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಉಳಿದಂತೆ ಎಲ್ಲ ಹಾಗೇ ಇದೆ. ಟಿಂಕರಿಂಗ್ ಅಂಗಡಿಯ ನನ್ನ ಗೆಳೆಯ, ನಿನ್ನ ಸುತ್ತಿಗೆ ಮಾವ, ಈಗ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದಾನೆ. ಆದರೂ ದಿನಾ ಬಂದು ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಾನೆ. ನಿನ್ನನ್ನು ಕೇಳಿದ್ದಾನೆ. ಹೊತ್ತು ಹೊತ್ತಿಗೆ ಊಟ ಮಾಡು, ಕೆಮ್ಮು ಬಿಡದಿದ್ದರೆ ಡಾಕ್ಟರಿಗೆ ತೋರಿಸು. ಅಮ್ಮನ ಮುತ್ತು, ನನ್ನ ಆಶೀರ್ವಾದ. ಎಲ್ಲಿದ್ದರೂ ಚೆನ್ನಾಗಿರು ಕಂದಾ.

ಇಂತಿ ನಿನ್ನ
ಅಪ್ಪ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನ ಬೆಸುಗೆ ಬಿಟ್ಟುಕೊಳ್ಳಲಿಲ್ಲ. ನಾನು ಕತ್ತರಿಸಿ ತೆಗೆದೆ. ನೀನು ಕೆಲಸ ಮುಗಿಸಿದ ವಾರದ ಶನಿವಾರ ಸುತ್ತಿಗೆ ಮಾವ ಬಲಗಡೆ ಬಗ್ಗಿ ನೋಡಿ, "ಏನಯ್ಯಾ, ಮಗಳ ಕೈಲಿ ಮಾಡಿಸ್ಕೊಳ್ಳೋ ಕಾಲ ಬಂತಾ ನಿನಗೆ? ಇನ್ನು ನೀನು ಟೀ ತಂದುಕೊಡು" ಎಂದು ನಕ್ಕ. ಅವನದು ತಮಾಷೆ. ನನಗೆ ಎಲ್ಲೋ ನಾಟಿತು. ಮರುದಿನ ಭಾನುವಾರ ನೀನೂ ಅಮ್ಮನೂ ಚಿಕ್ಕಮ್ಮನ ಮನೆಗೆ ಹೋದಿರಿ. ಮೊದಲು ಸುತ್ತಿಗೆಯಿಂದ ಬಡಿದು ನೋಡಿದೆ. ತಗಡು ಬಗ್ಗಿತು, ಬೆಸುಗೆ ಅಲುಗಲಿಲ್ಲ. ಆಮೇಲೆ ಗ್ರೈಂಡರ್ ಹಿಡಿದು, ತೂತಿದ್ದ ತಳವನ್ನಷ್ಟೇ ಬಿಟ್ಟು ಬೆಸುಗೆಯಿದ್ದ ಭಾಗವನ್ನು ಕತ್ತರಿಸಿದೆ. ಎಡಗಡೆ ಉಳಿದದ್ದು ಅದು ಗೋಡೆಯ ಕಡೆಗಿತ್ತು, ಯಾರಿಗೂ ಕಾಣುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ನೀವು ವಾಪಸ್ ಬಂದಾಗ ಸುಳ್ಳು ಹೇಳಿದೆ. ನೀನು ಒಂದು ಮಾತೂ ಎದುರಾಡದೆ ನಂಬಿದೆ. ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. "ನನಗೆ ಹೇಳಿ ಏನು ಬಂತು, ಅವಳಿಗೆ ಬರೀರಿ" ಎಂದು ಎದ್ದು ಹೋದಳು. ಅಲ್ಲಿಂದೀಚೆಗೆ ಮಾತಾಡಿಲ್ಲ, ಮಂಡಿಯ ಮಾತು ಕೂಡ ಎತ್ತಿಲ್ಲ. ಪೇಪರಿನಲ್ಲಿ ಸುತ್ತಿರುವುದು ಅಂದು ಕತ್ತರಿಸಿದ ತುಂಡು. ಎಸೆಯಲು ಮನಸ್ಸಾಗದೆ ಬಣ್ಣದ ಡಬ್ಬಗಳ ಹಿಂದೆ ಇಟ್ಟಿದ್ದೆ. ಸುತ್ತಿಗೆಯ ಗುರುತು ತಗಡಿನ ಮೇಲಿದೆ, ಬೆಸುಗೆಯ ಸಾಲು ಹಾಗೇ ಇದೆ. ಕೈಯಿಂದ ಸವರಿ ನೋಡು. ತರಗತಿಯ ಅರ್ಜಿಗೆ ಕೊನೆಯ ದಿನ ಇಪ್ಪತ್ತೈದು ಎಂದು ನೀನೇ ಬರೆದಿದ್ದೆ. ಗಾಡಿಯ ಮರುತಪಾಸಣೆ ಇಪ್ಪತ್ತೆರಡನೇ ತಾರೀಕು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ. ಈ ಸಲ ನಾಲ್ಕು ತೂತು ಬಿಡುತ್ತೇನೆ.